ಅಪ್ಪ ಅಡಿಕೆ ತೋಟಕ್ಕೆ ವಿಲ್ ಬರೆಯುತ್ತಾರಂತೆ, ಬಿಳಿ ಹಾಳೆ ಸಾಕೇ, ರಿಜಿಸ್ಟರ್ ಮಾಡಿಸಲೇಬೇಕೇ?

ರಿಜಿಸ್ಟರ್ ವಿಷಯ ಆಮೇಲೆ. ಸಾಕ್ಷಿ ಹಾಕುವವರು ಯಾರು, ಎಲ್ಲಿ ಕೂತು ಹಾಕುತ್ತಾರೆ, ಅದನ್ನು ಮೊದಲು ನೋಡಿಕೊಳ್ಳಿ. ತಂದೆಗೆ 76, ಅಕ್ಕಂದಿರಿಬ್ಬರೂ ಮದುವೆಯಾಗಿ ಹೋಗಿದ್ದಾರೆ, ತೋಟವೆಲ್ಲ ನಿಮಗೆ, "ಅಕ್ಕಂದಿರಿಗೆ ಈಗಲೇ ಗೊತ್ತಾಗುವುದು ಬೇಡ" ಅಂತ ಬರೆದಿದ್ದೀರಿ. ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ 2009ರಲ್ಲಿ ಇದೇ ಮಾತು ಆಗಿತ್ತು.

ಅಪ್ಪಯ್ಯ ಸ್ವಂತ ದುಡಿಮೆಯಲ್ಲಿ ಕೊಂಡ ತೋಟ, 1 ಎಕರೆ 20 ಗುಂಟೆ. ಪತ್ರ ಬರಹಗಾರರ ಹತ್ತಿರ 100 ರೂಪಾಯಿ ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ ತಂದವನು ನಾನೇ. (ವಿಲ್‌ಗೆ ಛಾಪಾ ಕಾಗದ ಬೇಕಾಗಿಯೇ ಇಲ್ಲ. ಅದರಿಂದ ಬಲ ಬರುತ್ತದೆ ಅನ್ನುವುದು ಬರೀ ನಂಬಿಕೆ.) ಜಗಲಿಯಲ್ಲಿ ಅಪ್ಪಯ್ಯ ಸಹಿ ಹಾಕಿದರು, ಪಕ್ಕದ ಮನೆಯ ಹಿರಿಯರು ಎದುರೇ ಕೂತು ಒಂದು ಸಾಕ್ಷಿ ಹಾಕಿದರು. ಎರಡನೆಯವರು ಪೇಟೆಯ ಅಂಗಡಿಯವರು. ಮಳೆ ಬಿಟ್ಟಿರಲಿಲ್ಲ. ಅವರನ್ನು ಕರೆತರುವ ಬದಲು ಕಾಗದವನ್ನೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಬೈಕಿನಲ್ಲಿ ಒಯ್ದೆ. ಗಲ್ಲಾಪೆಟ್ಟಿಗೆ ಮೇಲಿಟ್ಟು ಸಹಿ ಹಾಕಿ ಕೊಟ್ಟರು.

ವಿಲ್ ಸತ್ತದ್ದು ಅಲ್ಲೇ. ಭಾರತೀಯ ಉತ್ತರಾಧಿಕಾರ ಅಧಿನಿಯಮ 1925ರ 63ನೇ ಕಲಂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಸಾಕ್ಷಿಗಳು ಕಡೇಪಕ್ಷ ಇಬ್ಬರು. ಪ್ರತಿಯೊಬ್ಬ ಸಾಕ್ಷಿಯೂ ವಿಲ್ ಬರೆದವರು ಸಹಿ ಹಾಕುವುದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನಾನು ಹಾಕಿದ ಸಹಿ" ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಸಾಕ್ಷಿ ತನ್ನ ಸಹಿಯನ್ನು *ವಿಲ್ ಬರೆದವರ ಎದುರಿಗೇ* ಹಾಕಬೇಕು. ಸಾಕ್ಷಿಗಳಿಬ್ಬರೂ ಒಂದೇ ಹೊತ್ತಿಗೆ ಇರಬೇಕೆಂದಿಲ್ಲ. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಬಂದರೂ ನಡೆಯುತ್ತದೆ. ಆದರೆ ಎರಡು ಸಲವೂ ಅಪ್ಪಯ್ಯ ಎದುರಿಗೆ ಇರಬೇಕಿತ್ತು. ಅಂಗಡಿಯಲ್ಲಿ ಇದ್ದದ್ದು ನಾನು. ಕೊನೆಯಲ್ಲಿ "ಬರೆದವರು" ಅಂತ ಪತ್ರ ಬರಹಗಾರರ ಸಹಿ ಇತ್ತಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದರೆ, ಸಾಕ್ಷಿಯಾಗಿ ಹಾಕುತ್ತೇನೆ ಎಂಬ ಉದ್ದೇಶದಿಂದ ಹಾಕದ ಸಹಿ ಸಾಕ್ಷಿಯ ಸಹಿಯಲ್ಲ.

ಅಪ್ಪಯ್ಯ 2016ರಲ್ಲಿ ತೀರಿಕೊಂಡರು. ಅಕ್ಕ ಪಾಲಿನ ದಾವೆ ಹಾಕಿದಳು, ನಾನು ವಿಲ್ ಮುಂದಿಟ್ಟೆ. ಮುಂದಿಟ್ಟವನೇ ರುಜುವಾತು ಮಾಡಬೇಕು. ಸಾಕ್ಷಿಗಳಲ್ಲಿ ಒಬ್ಬರು ಬದುಕಿದ್ದರೂ ಅವರನ್ನು ಕಟಕಟೆಗೆ ಕರೆಸಲೇಬೇಕು (ಸಾಕ್ಷ್ಯ ಕಾಯ್ದೆಯ 68ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 67). ಪಕ್ಕದ ಮನೆಯ ಹಿರಿಯರು ಅಷ್ಟೊತ್ತಿಗೆ ಇರಲಿಲ್ಲ. ಉಳಿದವರು ಅಂಗಡಿಯವರು, ಸುಳ್ಳು ಹೇಳುವ ಮನುಷ್ಯನಲ್ಲ. ಪಾಟೀಸವಾಲಿನಲ್ಲಿ ಕೇಳಿದ್ದು ಒಂದೇ, ಎಲ್ಲಿ ಸಹಿ ಹಾಕಿದಿರಿ? "ನನ್ನ ಅಂಗಡೀಲಿ. ಇವರು ತಂದುಕೊಟ್ಟರು." ವಿಲ್ ಬಿತ್ತು. ವಿಲ್ ಇಲ್ಲದೆ ಸತ್ತವರ ಲೆಕ್ಕದಂತೆ ಅಮ್ಮ, ಇಬ್ಬರು ಅಕ್ಕಂದಿರು, ನಾನು, ತಲೆಗೆ 15 ಗುಂಟೆ. ಅಕ್ಕಂದಿರ ಮೇಲೆ ನನಗೆ ಸಿಟ್ಟಿಲ್ಲ. ಗುಟ್ಟು ಮಾಡಿದ್ದಕ್ಕೇ ಸಂಶಯ ಹುಟ್ಟಿದ್ದು.

ಈಗ ರಿಜಿಸ್ಟರ್. ಕಡ್ಡಾಯವಲ್ಲ, ಆದರೂ ಮಾಡಿಸಿ. ಸಬ್ ರಿಜಿಸ್ಟ್ರಾರ್ ಮೊಹರು ಬಿದ್ದರೆ ವಿಲ್ ಗಟ್ಟಿ ಎಂದುಕೊಂಡಿದ್ದರೆ ಅದು ತಪ್ಪು, ರಿಜಿಸ್ಟರ್ ಆದ ವಿಲ್‌ಗೂ ಸಾಕ್ಷಿ ಕಟಕಟೆ ಹತ್ತಲೇಬೇಕು. ಲಾಭ ಬೇರೆ: ತಂದೆ, ಸಾಕ್ಷಿಗಳು ಎಲ್ಲರೂ ಒಂದೇ ಕೋಣೆಗೆ ಬರುತ್ತಾರೆ, ಮೂಲ ಪ್ರತಿ ಗೆದ್ದಲು ತಿಂದರೂ ದೃಢೀಕೃತ ನಕಲು ಸಿಗುತ್ತದೆ. ಛಾಪಾ ಶುಲ್ಕ ಇಲ್ಲ. ತಂದೆ ಬದುಕಿರುವವರೆಗೆ ಆ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ಓಡಾಡಲಾಗದಷ್ಟು ಅಶಕ್ತರಾದರೆ ಅಧಿಕಾರಿಯೇ ಮನೆಗೆ ಬರಲು ಕೋರಬಹುದು.

ಸಾಕ್ಷಿಗಳು ತಂದೆಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರಿರಲಿ, ಊರಲ್ಲೇ ಇರುವವರಾಗಲಿ, ಕೋರ್ಟೆಂದರೆ ಹೆದರದವರಾಗಲಿ. ಪುಟಪುಟಕ್ಕೂ ತಂದೆಯ ಸಹಿ ಇರಲಿ. ಒಂದಕ್ಷರ ಹೊಡೆದುಹಾಕಿದರೂ ಅದರ ಪಕ್ಕ ತಂದೆಯದೂ ಸಾಕ್ಷಿಗಳದೂ ಸಹಿ ಬೇಕು. ಸರ್ವೆ ನಂಬರು, ಹಿಸ್ಸಾ, ಚಕ್ಕುಬಂದಿ, ಮನೆಯ ಇ-ಸ್ವತ್ತು (ಪಂಚಾಯಿತಿಯ ಆಸ್ತಿ ದಾಖಲೆ), ಮ್ಯಾಮ್ಕೋಸ್ (ಅಡಿಕೆ ಮಾರಾಟ ಸಹಕಾರ ಸಂಘ) ಷೇರು, ಸೊಸೈಟಿ ಸಾಲ ಎಲ್ಲವನ್ನೂ ಹೆಸರಿಸಿ, "ಇಲ್ಲಿ ಬರೆಯದೆ ಉಳಿದದ್ದು ಇಂಥವರಿಗೆ" ಎಂದೂ ಸೇರಿಸಿ. ಅದೇ ದಿನ ವೈದ್ಯರಿಂದ "ಬುದ್ಧಿ ಸ್ವಾಧೀನದಲ್ಲಿದೆ" ಎಂಬ ಚೀಟಿ ಬರೆಸಿಕೊಳ್ಳಿ.

ನೀವು ಮಾತ್ರ ಟೈಪಿಂಗಿಗೂ ಓಡಾಡಬೇಡಿ, ಸಾಕ್ಷಿಗಳನ್ನೂ ಹುಡುಕಬೇಡಿ. ವಿಲ್‌ನಿಂದ ಲಾಭ ಪಡೆಯುವವನೇ ಮುಂದೆ ನಿಂತು ಎಲ್ಲ ಮಾಡಿಸಿದ್ದರೆ ಅದು ಅನುಮಾನಕ್ಕೆ ಎಡೆ, ಅದನ್ನು ನಿವಾರಿಸುವ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 1959ರಲ್ಲೇ ಹೇಳಿದೆ. ಅದು ನಮ್ಮ ಮೈಸೂರಿನಿಂದಲೇ ಹೋದ ಕೇಸು. ಅಕ್ಕಂದಿರಿಗೆ ಏಕೆ ಕೊಟ್ಟಿಲ್ಲ ಎಂದು ತಂದೆಯೇ ಎರಡು ಸಾಲು ಬರೆಸಲಿ, ಅದನ್ನು ಅವರಿಗೆ ಬಾಯಲ್ಲೂ ಹೇಳಲಿ. ಬಚ್ಚಿಡುವ ನಿಮ್ಮ ಯೋಚನೆ ನನಗೆ ಒಪ್ಪಿಗೆಯಿಲ್ಲ.

ಇಷ್ಟಕ್ಕೂ ತೋಟ ಪೂರ್ತಿ ತಂದೆಯದೇ? "ಡಿಕ್ಲರೇಷನ್ ಹಾಕಿ ಬಂದ ಜಾಗ" ಅಂತ ನಡುವೆ ಒಂದು ಮಾತು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಂದರೆ ಗೇಣಿ ಭೂಮಿಗೆ ಹಕ್ಕು ಕೋರಿ ಭೂಸುಧಾರಣೆ ಕಾಯ್ದೆಯಡಿ ಅರ್ಜಿ (ಫಾರಂ 7) ಹಾಕಿ ಪಡೆದದ್ದು. ಅಜ್ಜನ ಕಾಲದಿಂದ ಮನೆಯವರೆಲ್ಲ ಗೇಣಿಗೆ ಮಾಡುತ್ತಿದ್ದ ಭೂಮಿಯಾದರೆ, ಫಾರಂ 7 ಹಾಕಿದ್ದು ತಂದೆಯೊಬ್ಬರೇ ಆದರೂ, ಭೂ ನ್ಯಾಯಮಂಡಳಿಯ ಆದೇಶ ಅವರೊಬ್ಬರ ಹೆಸರಿಗಿದ್ದರೂ, ಅದು ಕುಟುಂಬದ ಆಸ್ತಿ ಎಂದೇ ವಾದ ಬರುತ್ತದೆ, ಸಾಮಾನ್ಯವಾಗಿ ನಿಲ್ಲುತ್ತದೆ ಕೂಡ. ಆಗ ತಂದೆ ವಿಲ್ ಬರೆಯಬಹುದಾದದ್ದು ತಮ್ಮ ಪಾಲಿಗೆ ಮಾತ್ರ. ಅಕ್ಕಂದಿರಿಗೆ ಹುಟ್ಟಿನಿಂದಲೇ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿ ಮಾಡಿದೆ. ಹಾಗಾಗಿ ನ್ಯಾಯಮಂಡಳಿ ಆದೇಶದ ನಕಲು ತೆಗೆಸಿ ಓದಿದ ಮೇಲೆ ವಿಲ್‌ಗೆ ಕೂರಿ. ದಾನಪತ್ರವಾದರೂ ಇದೇ ಕಥೆ, ತನ್ನದಲ್ಲದ್ದನ್ನು ದಾನ ಕೊಡಲಾಗುವುದಿಲ್ಲ.

ಮುಂದೊಂದು ದಿನ ಖಾತೆಗೆ ಮರಣ ಪತ್ರ, ಪಹಣಿ, ವಂಶವೃಕ್ಷ, ವಿಲ್ ಎಲ್ಲ ಹಿಡಿದು ನಾಡಕಚೇರಿಗೆ ಹೋಗುತ್ತೀರಿ. ಪ್ರೊಬೇಟ್ (ವಿಲ್ ಸಾಚಾ ಎಂಬ ಕೋರ್ಟಿನ ದೃಢೀಕರಣ) ಬೇಕು ಎಂದು ಯಾರಾದರೂ ಹೆದರಿಸಿದರೆ, ಶಿವಮೊಗ್ಗದಲ್ಲಿ ಹಿಂದೂಗಳ ವಿಲ್‌ಗೆ ಅದು ಕಡ್ಡಾಯವಲ್ಲ. ಆದರೆ ಅಕ್ಕಂದಿರು ತಕರಾರು ಕೊಟ್ಟರೆ ವಿಲ್ ಖರೆಯೋ ಸುಳ್ಳೋ ಎಂದು ತಹಶೀಲ್ದಾರರು ತೀರ್ಮಾನಿಸಲಾರರು, ಸಿವಿಲ್ ಕೋರ್ಟಿಗೇ ಹೋಗಬೇಕು.

ಕೊನೆಗೆ ಕೇಳಿದ ಸೊಪ್ಪಿನಬೆಟ್ಟದ ವಿಷಯ: ಅದನ್ನು ವಿಲ್‌ನಲ್ಲಿ ಸ್ವಂತ ಜಮೀನಿನಂತೆ ಬರೆಸಬೇಡಿ. ತೋಟಕ್ಕೆ ಅಂಟಿಕೊಂಡ ಸೊಪ್ಪು ಸೌದೆಯ ಸವಲತ್ತು ಅದು, ತೋಟ ಯಾರಿಗೋ ಅದೂ ಅವರಿಗೆ. "ಬೆಟ್ಟದ ಸವಲತ್ತು ಸಹಿತ" ಎಂದರೆ ಸಾಕು.