ಸಿಸ್ಟರ್ಶಿಯನ್ ಸರಳತೆಗೆ ಫೌಂಟನ್ಸ್ ಅಬಿಯ ಗೋಪುರ ಒಳ್ಳೇ ಉದಾಹರಣೆಯಾ?

ಬೇಡ, ದಯವಿಟ್ಟು ಆ ಗೋಪುರದ ಫೋಟೋ ನಿಮ್ಮ ಪ್ರಬಂಧದ ಮುಖಪುಟಕ್ಕೆ ಹಾಕಬೇಡಿ. ಸಿಸ್ಟರ್ಶಿಯನ್ನರು ಅಂದರೆ ಸರಳ, ಕಟ್ಟುನಿಟ್ಟಿನ ಬದುಕು ಆರಿಸಿಕೊಂಡ ಕ್ರೈಸ್ತ ಸನ್ಯಾಸಿಗಳ ಪಂಥ; ಫೌಂಟನ್ಸ್ ಅಬಿ ಇಂಗ್ಲೆಂಡಿನಲ್ಲಿ ಪಾಳುಬಿದ್ದಿರುವ ಅವರ ಮಠ. ಇಂಗ್ಲೆಂಡಿನಲ್ಲಿ ಆರ್ಕಿಟೆಕ್ಚರ್ ಓದುವಾಗ ನಾನೂ ಇದೇ ವಿಷಯ ಹಿಡಿದೆ, ಇದೇ ಗೋಪುರ ಹಾಕಿದೆ. ಮಾರ್ಕ್ಸ್ ಹೋಯಿತು, ಇಡೀ ಪ್ರಬಂಧ ಮತ್ತೆ ಬರೆಯಬೇಕಾಯಿತು.

ಎಡವಿದ್ದು ಎಲ್ಲಿ ಅಂದರೆ, ಇಡೀ ಪಾಳುಮಠ ಒಂದೇ ಕಾಲದ್ದು ಅಂದುಕೊಂಡೆ. ಛಾವಣಿ ಇಲ್ಲ, ಬಣ್ಣ ಇಲ್ಲ, ಬರೀ ಕಲ್ಲು. ನೋಡಿದರೆ ಹಾಗೇ ಅನ್ನಿಸುತ್ತದೆ, ಅಲ್ವಾ? ಆದರೆ ಯಾರ್ಕ್‌ನ ಸೇಂಟ್ ಮೇರಿ ಮಠದಲ್ಲಿ ಶಿಸ್ತು ಸಡಿಲವಾಯಿತೆಂದು ಜಗಳವಾಡಿ ಹೊರಬಿದ್ದ 13 ಸನ್ಯಾಸಿಗಳು ಸ್ಕೆಲ್ ನದಿಯ ಕಣಿವೆಗೆ ಬಂದು ಈ ಮಠ ಶುರುಮಾಡಿದ್ದು 1132ರಲ್ಲಿ. ಗೋಪುರ ಕಟ್ಟಿಸಿದ ಮಾರ್ಮಡ್ಯೂಕ್ ಹ್ಯೂಬಿ ಮಠದ ಯಜಮಾನನಾಗಿದ್ದು 1495ರಿಂದ 1526ರವರೆಗೆ. ನಡುವೆ 360 ವರ್ಷಕ್ಕೂ ಜಾಸ್ತಿ! ಇನ್ನೂ ಮುಜುಗರದ ಸಂಗತಿ ಇದೆ. ಗಂಟೆಗೆಂದು ಕಲ್ಲಿನ ಗೋಪುರ ಎಬ್ಬಿಸಬಾರದು ಅಂತ ಈ ಪಂಥದವರೇ 12ನೇ ಶತಮಾನದಲ್ಲಿ ನಿಯಮ ಮಾಡಿಕೊಂಡಿದ್ದರು. ಹ್ಯೂಬಿ ಎಬ್ಬಿಸಿದ್ದು ಹತ್ತಿರ ಹತ್ತಿರ 50 ಮೀಟರ್. ಅದನ್ನೇ ನಾನು ಸರಳತೆ ಅಂತ ಬರೆದೆ. ಆಮೇಲೆ ಸೇರಿಸಿದ ರಾಯಗೋಪುರ ನೋಡಿ, ಹಳೇ ಗುಡಿ ಕಟ್ಟಿದವರ ಮನಸ್ಸು ಅಳೆದ ಹಾಗಾಯಿತು.

ಸರಳತೆ ಬೇಕಾದರೆ ಚರ್ಚಿನ ನಡುಭಾಗದಲ್ಲಿ ನಿಲ್ಲಿ. ದಪ್ಪ ದುಂಡು ಕಂಬಗಳು, ಅವುಗಳ ನಡುವೆ ಫ್ರಾನ್ಸಿನ ಬರ್ಗಂಡಿ ಕಡೆಯ ಚೂಪು ಕಮಾನು, ಮೇಲ್ಗಡೆ ಹಳೇ ರೀತಿಯ ದುಂಡು ತಲೆಯ ಕಿಟಕಿ. ಆಮೇಲೆ ಪಶ್ಚಿಮದ ಕಟ್ಟಡಕ್ಕೆ ಬನ್ನಿ. ನನಗೆ ಇಡೀ ಮಠದಲ್ಲಿ ಇಷ್ಟವಾದದ್ದು ಇದೇ. ಸುಮಾರು 90 ಮೀಟರ್ ಉದ್ದದ ಕಮಾನು ಛಾವಣಿ ಇನ್ನೂ ಗಟ್ಟಿಯಾಗಿ ನಿಂತಿದೆ. ನಡುವೆ ಒಂದೇ ಸಾಲು ಕಂಬ. ಕಂಬಕ್ಕೆ ಬೋದಿಗೆಯೂ ಇಲ್ಲ, ಕಮಾನಿನ ಏಣುಗಳು ಸೀದಾ ಹರಡಿಕೊಳ್ಳುತ್ತವೆ. ಒಂದು ಕಡೆ ಉಗ್ರಾಣ, ಇನ್ನೊಂದು ಕಡೆ ಲೇ ಬ್ರದರ್ಸ್ ಅನ್ನುವ ದುಡಿಯುವ ಸೋದರರ ಊಟದ ಮನೆ. ಅವರು ಮಲಗುತ್ತಿದ್ದದ್ದು ಮೇಲಿನ ಅಂತಸ್ತಿನಲ್ಲಿ. ಕುರಿ ಮೇಯಿಸಿ, ಹೊಲ ಉತ್ತು ಮಠಕ್ಕೆ ಉಣ್ಣೆಯ ದುಡ್ಡು ತಂದವರು ಇವರೇ. ಪ್ರಬಂಧಗಳಲ್ಲಿ ಮಾತ್ರ ಇವರ ಸುದ್ದಿ ಕಡಿಮೆ.

ಫೌಂಟನ್ಸಾ ರೀವೋನಾ ಅಂತಲೂ ಕೇಳಿದ್ದೀರಿ. ರೀವೋ ಇದೇ ಪಂಥದ ಇನ್ನೊಂದು ಪಾಳುಮಠ, ಚೆಂದವೇ. ಆದರೆ ಕಣಿವೆಯ ಇಕ್ಕಟ್ಟಿಗೆ ಅಲ್ಲಿನ ಚರ್ಚು ಎಂದಿನಂತೆ ಪೂರ್ವ-ಪಶ್ಚಿಮಕ್ಕಿರದೆ ಉತ್ತರ-ದಕ್ಷಿಣಕ್ಕೆ ತಿರುಗಿದೆ, ಮೊದಲ ಸಲ ಹೋದವರಿಗೆ ಸುಮ್ನೆ ತಲೆ ಕೆಡುತ್ತದೆ. ಜಾಗಕ್ಕಿಂತ ಮೊದಲು ವಿಷಯ ಬದಲಾಯಿಸಿ. ಸರಳತೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದು ಹ್ಯೂಬಿಯ ಕಾಲಕ್ಕೆ ಹೇಗೆ ಕೈಬಿಟ್ಟುಹೋಯಿತು ಅಂತ ಬರೆಯಿರಿ. ಆಗ ಗೋಪುರಕ್ಕೂ ಜಾಗ ಸಿಗುತ್ತದೆ.

ನಕ್ಷೆ ಬರೆಯುವಾಗ ಕೆಲವು ಗೋಡೆ ಸಿಗುವುದಿಲ್ಲ, ಗಾಬರಿಯಾಗಬೇಡಿ. 1539ರಲ್ಲಿ ಮಠ ಮುಚ್ಚಿಸಿದ ಮೇಲೆ, 1600ರ ಆಸುಪಾಸಿನಲ್ಲಿ, ಅಲ್ಲಿನ ಕಲ್ಲು ಹೊತ್ತು ಪಕ್ಕದಲ್ಲೇ ಫೌಂಟನ್ಸ್ ಹಾಲ್ ಅನ್ನುವ ಬಂಗಲೆ ಕಟ್ಟಿದರು.