ಹಿರಿಯ ಉಪನ್ಯಾಸಕರು ತರಗತಿಯಲ್ಲಿ ತಂತ್ರಜ್ಞಾನ ಬಳಸಲು ಏಕೆ ಹಿಂಜರಿಯುತ್ತಾರೆ?

ವಯಸ್ಸೇ ಕಾರಣ ಎಂಬುದನ್ನು ಮಂಗಳೂರಿನಲ್ಲಿ ಪದವಿ ತರಗತಿಗಳಿಗೆ ಪಾಠ ಮಾಡುವ ನಾನು ಒಪ್ಪುವುದಿಲ್ಲ. ಜನ ಹೊಸ ಸಾಧನವನ್ನು ಏಕೆ ಒಪ್ಪುತ್ತಾರೆ ಎಂಬುದನ್ನು ವಿವರಿಸಲು 1989ರಲ್ಲಿ ಸಂಶೋಧಕ ಫ್ರೆಡ್ ಡೇವಿಸ್ ಮುಂದಿಟ್ಟ ತಂತ್ರಜ್ಞಾನ ಸ್ವೀಕಾರ ಮಾದರಿ ಎರಡು ಪ್ರಶ್ನೆಗಳನ್ನು ಮುಖ್ಯವಾಗಿಸುತ್ತದೆ: ಈ ಸಾಧನದಿಂದ ನನ್ನ ಕೆಲಸ ಸುಧಾರಿಸುತ್ತದೆಯೇ? ಬಳಸಲು ಸುಲಭವೇ?

ಮೊದಲನೆಯದಕ್ಕೆ ಉತ್ತರ ವಿಷಯದಿಂದ ವಿಷಯಕ್ಕೆ ಬೇರೆ. ವಾಣಿಜ್ಯ ತರಗತಿಯಲ್ಲಿ ಸವಕಳಿಯ (ಬಳಕೆಯಿಂದ ಆಸ್ತಿಯ ಮೌಲ್ಯ ಇಳಿಯುವುದರ) ದರವನ್ನು ಸ್ಪ್ರೆಡ್‌ಶೀಟಿನಲ್ಲಿ ಬದಲಿಸಿದರೆ ಇಡೀ ಕೋಷ್ಟಕ ಕಣ್ಣೆದುರೇ ಮರುಲೆಕ್ಕವಾಗುತ್ತದೆ. ಅಂಥ ಅನುಕೂಲವನ್ನು ನಿವೃತ್ತಿಯ ಅಂಚಿನಲ್ಲಿರುವವರೂ ಬಿಡುವುದಿಲ್ಲ. ಗಣಿತದ ಪ್ರಮೇಯವನ್ನು ಸಾಧಿಸುವವರಿಗೆ ಮಾತ್ರ ಕಪ್ಪುಹಲಗೆಯೇ ಒಳ್ಳೆಯದು, ಏಕೆಂದರೆ ಕೈ ಬರೆಯುವ ವೇಗದಲ್ಲೇ ವಿದ್ಯಾರ್ಥಿಯ ಯೋಚನೆಯೂ ಸಾಗುತ್ತದೆ. ಇದನ್ನು ಹಿಂಜರಿಕೆ ಎನ್ನುವುದು ಅನ್ಯಾಯ. ಇದು ಬೋಧನೆಯ ವಿವೇಕ. ವಿಷಯ, ಬೋಧನಾ ಕ್ರಮ, ತಂತ್ರಜ್ಞಾನ ಮೂರನ್ನೂ ಒಟ್ಟಿಗೆ ನೋಡಬೇಕೆಂದು ಶಿಕ್ಷಣ ಸಂಶೋಧಕರಾದ ಮಿಶ್ರಾ ಮತ್ತು ಕೋಹ್ಲರ್ 2006ರಲ್ಲೇ ವಾದಿಸಿದ್ದರು. ಆದರೂ ಅನೇಕ ತರಬೇತಿಗಳು ಯಾವ ಗುಂಡಿ ಒತ್ತಬೇಕು ಎಂಬಲ್ಲಿಗೇ ಮುಗಿಯುತ್ತವೆ.

ಬಳಸಲು ಸುಲಭವೇ ಎಂಬ ಎರಡನೆಯ ಪ್ರಶ್ನೆಗೆ ಅಡ್ಡ ಬರುವುದು ದಣಿವು. ಹಾಜರಾತಿ, ಆಂತರಿಕ ಅಂಕ, ವರದಿ ಎಲ್ಲವನ್ನೂ ಪೋರ್ಟಲ್‌ಗಳಿಗೆ ತುಂಬಿಸಿ ಸುಸ್ತಾದವರಿಗೆ ತಂತ್ರಜ್ಞಾನವೆಂದರೆ ಹೆಚ್ಚುವರಿ ಗುಮಾಸ್ತಿಕೆ ಎಂದೇ ಅನ್ನಿಸುತ್ತದೆ. ಜುಲೈ ಮಳೆಗೆ ಕರೆಂಟು ಹೋಗುವುದು ಬೇರೆ.

ಮನೋಭಾವ ಬದಲಾಗಬೇಕಾದರೆ ಸಹೋದ್ಯೋಗಿಯೊಬ್ಬರು ಅದೇ ವಿಷಯದ ಪಾಠವನ್ನು ಸಾಧನ ಬಳಸಿ ಮಾಡಿ ತೋರಿಸಲಿ. ಉಡುಪಿ, ಕಾರ್ಕಳ, ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳು ಮಳೆಗಾಲದಲ್ಲಿ ತಪ್ಪಿಸಿಕೊಂಡ ಪಾಠದ ಧ್ವನಿಮುದ್ರಿಕೆಯನ್ನು ಹಂಚುವುದರಿಂದ ಆರಂಭಿಸಬಹುದು. ಅದಕ್ಕೆ ಮೊಬೈಲ್ ಒಂದೇ ಸಾಕು.