8 ವರ್ಷದ ಮಗಳಿಗೆ ಮೀನು ಹಿಡಿಯೋ ರೀಲ್ ಕೇಳಿದ್ದ ಸರ್‌ಗೆ

ಸರ್, ಆನ್‌ಲೈನಲ್ಲಿ ತರಿಸಿದ, ರಾಡೂ ದಾರ ಸುತ್ತೋ ರೀಲೂ ಸೇರಿದ ಕಾಂಬೋ ಸೆಟ್ಟು ಒಂದೇ ಬೇಸಿಗೆಗೆ ಹ್ಯಾಂಡಲ್ ಲೊಡಲೊಡ ಅಂತಿದೆ, ಈ ಸಲ ಬಾಳಿಕೆ ಬರೋದು ಹೇಳಿ, ಕೆರೇಲಿ ಜಿಲೇಬಿ ಮೀನು ಹಿಡಿಯೋಕೆ ಅಂದಿದ್ರಲ್ಲ. ಮೊದಲನೇದಾಗಿ ಡಬ್ಬದ ಮೇಲೆ 12+1 ಬೇರಿಂಗ್ ಅಂತ ದಪ್ಪಗೆ ಬರೆದಿರೋದು ನೋಡಿ ಮರುಳಾಗ್ಬೇಡಿ, ಆ ರೇಟಿಗೆ ಅಷ್ಟು ಬೇರಿಂಗ್ ಕೊಡ್ತಾರೆ ಅಂದ್ರೆ ಗೇರಲ್ಲಿ ಕೈ ಬಿಗಿ ಹಿಡಿದಿರ್ತಾರೆ. ಒಳ್ಳೇವು ಮೂರ್ನಾಲ್ಕಿದ್ರೆ ಧಾರಾಳ.

ಬಟನ್ ಒತ್ತಿ ಎಸೆಯೋ, ಮುಚ್ಚಳ ಇರೋ ಸ್ಪಿನ್‌ಕಾಸ್ಟ್ ರೀಲ್ ಮಕ್ಕಳಿಗೆ ಸುಲಭ ನಿಜ, ಅಮೆರಿಕದಲ್ಲಿ ಝೆಬ್ಕೊ 33 ಅನ್ನೋದು 1954ರಿಂದ ಬರ್ತಿದೆ, ಐದಾರು ವರ್ಷದ ಮಗು ಆಗಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಲೈನ್ (ದಾರ) ಮುಚ್ಚಳದೊಳಗೆ ಸಿಕ್ಕಾಕ್ಕೊಂಡ್ರೆ ಹೊರಗಿಂದ ಕಾಣಲ್ಲ. ಎಂಟು ವರ್ಷಕ್ಕೆ ಸ್ಪೂಲ್ (ದಾರದ ಉರುಳೆ) ಹೊರಗೇ ಕಾಣೋ 2000 ಸೈಜಿನ ಚಿಕ್ಕ ಸ್ಪಿನ್ನಿಂಗ್ ರೀಲ್, 5-6 ಅಡಿ ರಾಡ್ ಸರಿಹೋಗುತ್ತೆ. ರೀಲ್ ತೂಕ 250 ಗ್ರಾಂ ದಾಟೋದು ಬೇಡ, ಭಾರ ಆದ್ರೆ ಮಕ್ಕಳು ಕೈಸೋತು ನೆಲಕ್ಕಿಡ್ತಾರೆ, ಮಣ್ಣು ಹೋಗೋದು ಆಗಲೇ.

ಅಂಗಡೀಲಿ ಕೈಗೆ ತಗೊಂಡು ಹ್ಯಾಂಡಲ್ ಅಲ್ಲಾಡಿಸಿ ನೋಡಿ, ಬೇಲ್ (ಲೈನ್ ಹಿಡಿಯೋ ಕಮಾನು ತಂತಿ) ತೆಗೆದು ಮುಚ್ಚಿ ನೋಡಿ, ಟಕ್ ಅಂತ ಕೂರಬೇಕು, ಬೇಲ್ ತಂತಿ ಒತ್ತಿದ್ರೆ ಬಗ್ಗಬಾರದು. ಕೆಳಗಡೆ ಆಂಟಿ ರಿವರ್ಸ್ ಸ್ವಿಚ್ (ಹ್ಯಾಂಡಲ್ ಹಿಂದಕ್ಕೆ ತಿರುಗದಿರೋ ತಡೆಯನ್ನ ಆನ್-ಆಫ್ ಮಾಡೋದು) ಇಲ್ಲದ ಮಾಡೆಲ್ ಸಿಕ್ರೆ ಇನ್ನೂ ಒಳ್ಳೇದು, ಮಕ್ಕಳು ಅದನ್ನ ಆಫ್ ಮಾಡಿ ಹಿಂದಕ್ಕೆ ತಿರುಗಿಸಿ ಲೈನೆಲ್ಲ ಗೋಜಲು ಮಾಡ್ತಾರೆ. ಶಿಮಾನೊ, ಡೈವಾ ಕಂಪನಿಗಳ ಆರಂಭದ ಮಾಡೆಲ್‌ಗಳೇ ಸಾಕು.

ಈಗ ಮುಖ್ಯವಾದದ್ದು. ರೀಲ್ ಎಷ್ಟೇ ಗಟ್ಟಿ ಇರ್ಲಿ, ಮೀನು ಎಳೀತಿರುವಾಗ ಡ್ರ್ಯಾಗ್ (ಲೈನಿನ ಬಿಗಿ ಹೊಂದಿಸೋ ಬ್ರೇಕ್) ಕಿರ್ರ್ ಅಂತ ಲೈನ್ ಬಿಡ್ತಾ ಇರುತ್ತೆ, ಮಕ್ಕಳು ಖುಷೀಲಿ ಆಗ್ಲೂ ಹ್ಯಾಂಡಲ್ ತಿರುಗಿಸ್ತಾನೇ ಇರ್ತಾರೆ, ಲೈನ್ ಒಳಗೆ ಬರಲ್ಲ, ಬದಲಿಗೆ ಒಂದೊಂದು ಸುತ್ತಿಗೂ ತಿರುಚಿಕೊಳ್ಳುತ್ತೆ, ಮುಂದಿನ ಸಲ ಎಸೆದಾಗ ಸ್ಪೂಲಿಂದ ಉಂಡೆಯಾಗಿ ಆಚೆ ಬರುತ್ತೆ, ಅದನ್ನ ಬಿಡಿಸೋಕೆ ಹೋಗಿ ಎಳೆದಾಡುವಾಗ ಬೇಲ್ ಸೊಟ್ಟಗಾಗೋದು. ಕಿರ್ರ್ ಅಂದ್ರೆ ಸುತ್ತೋದು ನಿಲ್ಸು, ರಾಡ್ ನಿಧಾನಕ್ಕೆ ಮೇಲೆತ್ತು, ಇಳಿಸ್ತಾ ಇಳಿಸ್ತಾ ಸುತ್ತು ಅಂತ ಮನೆ ಅಂಗಳದಲ್ಲೇ ಹೇಳ್ಕೊಡಿ, ಲೈನಿನ ತುದಿ ನೀವು ಹಿಡ್ಕೊಂಡು ಮೀನಿನ ಥರ ಎಳೀರಿ, ಒಂದು ಸಂಜೇಲಿ ಕಲೀತಾಳೆ. ಬೇಲನ್ನೂ ಹ್ಯಾಂಡಲ್ ತಿರುಗಿಸಿ ಮುಚ್ಚದೆ ಕೈಯಲ್ಲೇ ಮುಚ್ಚೋ ಅಭ್ಯಾಸ ಮಾಡ್ಸಿ.

ಲೈನ್ 0.25 ಎಂಎಂ ಮೋನೊ (ಒಂಟಿ ಎಳೆಯದು) ಹಾಕಿ, ಬ್ರೇಡ್ (ಹೆಣೆದ ದಾರ) ಈಗ್ಲೇ ಬೇಡ, ಬೆರಳು ಕುಯ್ಯುತ್ತೆ. ಸ್ಪೂಲ್ ಅಂಚಿಂದ 2-3 ಎಂಎಂ ಕೆಳಗೇ ನಿಲ್ಸಿ, ತುಂಬಿಸಿಬಿಟ್ರೆ ತಾನಾಗೇ ಜಾರುತ್ತೆ. ಮನೆಗೆ ಬಂದ್ಮೇಲೆ ಒದ್ದೆ ಬಟ್ಟೇಲಿ ಒರೆಸಿ, ಡ್ರ್ಯಾಗ್ ಸಡಿಲ ಮಾಡಿ ಇಡಿ, ಆಗೊಮ್ಮೆ ಈಗೊಮ್ಮೆ ಬೇಲ್ ತುದೀಲಿ ಲೈನ್ ಹಾಯೋ ಚಿಕ್ಕ ಗಾಲಿ, ಅಂದ್ರೆ ಲೈನ್ ರೋಲರ್‌ಗೂ ಹ್ಯಾಂಡಲ್ ಗುಬಟಿಗೂ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ. ನಲ್ಲಿ ಜೋರಾಗಿ ಬಿಟ್ಟು ತೊಳೀಬೇಡಿ, ಒಳಗಿನ ಗ್ರೀಸ್ ಹೋಗುತ್ತೆ.

ಮಗಳು ಎಡಚಿನಾ ಅಂತ ನೀವು ಬರೆದಿಲ್ಲ. ಆಗಿದ್ರೂ ಪರವಾಗಿಲ್ಲ, ಸ್ಪಿನ್ನಿಂಗ್ ರೀಲಲ್ಲಿ ಹ್ಯಾಂಡಲ್ ಬಿಚ್ಚಿ ಆಚೆ ಕಡೆ ಹಾಕ್ಬಹುದು, ಅಂಗಡಿಯವರ ಹತ್ರಾನೇ ಹಾಕಿಸ್ಕೊಂಡು ಬನ್ನಿ.